ಗುಂಡುತೋಪಿಗೆ ಫಿರಂಗಿ ಬಂದ ದಿನ

೧೯೯೮ನೇ ಇಸವಿಯ ಫೆಬ್ರವರಿ, ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ಸ್ಥಳ, ನಗರಪಾಲಿಕೆಯ ನಮ್ಮ ವಲಯ ಕಚೇರಿಯ ಮೊದಲ ಮಹಡಿಯಲ್ಲಿ ಸಾಹೇಬರ ಕೊಠಡಿ. ಹಾಜರಿದ್ದವರು ನಾಲ್ವರು: ಹೊಸದಾಗಿ ಬಂದಿದ್ದ ಸಾಹೇಬರು, ಎಂಜಿನಿಯರ್ ರಂಗಸ್ವಾಮಿ, ವಾರ್ಡಿನ ಸದಸ್ಯ ಜಯರಾಮಣ್ಣ, ಮತ್ತು ಶಾಖೆಯ ಸೂಪರಿಂಟೆಂಡೆಂಟ್ ಆಗಿದ್ದ ನಾನು, ವಿಶಾಲಾಕ್ಷಿ. ಮೇಜಿನ ಮೇಲೆ ಕಾಫಿ ಇತ್ತು. ಯಾರೂ ಕುಡಿಯುತ್ತಿರಲಿಲ್ಲ.

"ಗುಂಡುತೋಪನ್ನು ನೋಡದೆ ಇಂದು ನಾನು ಭೋಜನ ಮಾಡುವುದಿಲ್ಲ" ಎಂದರು ಸಾಹೇಬರು.

ಅವರು ಉತ್ತರದ ಕಡೆಯವರು. ಮನೆಗೆ ಮೇಷ್ಟರನ್ನು ಕರೆಸಿಕೊಂಡು ಶ್ರದ್ಧೆಯಿಂದ ಕನ್ನಡ ಕಲಿತಿದ್ದರು. ಕಲಿತದ್ದು ಪುಸ್ತಕದ ಕನ್ನಡವಾದ್ದರಿಂದ ಅವರು ನೀರು ಕೇಳಿದರೂ ಕಂಪನಿ ನಾಟಕದ ರಾಜ ಕೇಳಿದಂತಿರುತ್ತಿತ್ತು.

ಉಳಿದ ಮೂವರಿಗೂ ಗೊತ್ತಿದ್ದ ಒಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಗುಂಡುತೋಪು ಎಂದರೆ ಊರಿಗೆ ಸೇರಿದ ಮರಗಳ ತೋಪು. ಹುಣಸೆ, ಮಾವು, ಹೊಂಗೆ, ನೇರಳೆ ಬೆಳೆಸಿ, ಜನ, ದನ, ದಾರಿಹೋಕರು ಯಾರು ಬೇಕಾದರೂ ನೆರಳಿಗೆ ಕೂರಲಿ ಎಂದು ಹಳ್ಳಿಯವರು ಬಿಟ್ಟುಕೊಂಡ ಜಾಗ. ಸಾಹೇಬರು ಆ ಪದವನ್ನು ಎರಡು ತುಂಡು ಮಾಡಿ ಓದಿದ್ದರು. ಗುಂಡು, ಸಿಡಿಯುವ ಗುಂಡು. ತೋಪು, ಅವರ ಕಡೆಯ ಭಾಷೆಯಲ್ಲಿ ಫಿರಂಗಿ. ಎರಡನ್ನೂ ಕೂಡಿಸಿ, ಗುಂಡುಗಳ ಸಮೇತ ಒಂದು ಹಳೆಯ ಫಿರಂಗಿ ಚಿಕ್ಕಲಸಂದ್ರದ ಆಚೆ ಒಂದು ಹಳ್ಳಿಯಲ್ಲಿ ಕೇಳುವವರಿಲ್ಲದೆ ಬಿದ್ದಿದೆ ಎಂದು ನಂಬಿದ್ದರು. ಅದನ್ನು ಉಳಿಸಲು ಸಾರ್ವಜನಿಕರ ಹಣವನ್ನು ಮಂಜೂರು ಮಾಡಿದ್ದರು. ಈಗ ಕಣ್ಣಾರೆ ನೋಡಬೇಕೆಂದು ಹೊರಟಿದ್ದರು.

"ಸಾರ್, ಗುಂಡುತೋಪು ಅಂದ್ರೆ..." ಎಂದು ನಾನು ಬಾಯಿ ತೆರೆದೆ.

"ಕಾರು ರೆಡಿ ಇದೆ ಸಾರ್!" ಎಂದರು ರಂಗಸ್ವಾಮಿ, ನನಗಿಂತ ಗಟ್ಟಿಯಾಗಿ.

ಜಯರಾಮಣ್ಣ ಮೀಸೆಯ ಕೆಳಗೆ ನಕ್ಕರು. ಆ ನಗೆಗೆ ಕಾರಣವಿತ್ತು. ಅದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಈಚೆಗೆ ಈ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ತ್ಯಾಗರಾಜನಗರದ ನಮ್ಮ ಮನೆಗೆ ಬಂದು, "ಕೆಲಸ ಹೇಗಿರತ್ತೆ ಆಂಟಿ?" ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬುದೆಲ್ಲ ಯಾರಿಗೂ ಬೇಡ, ನನಗೂ ಬೇಡ. ನನ್ನ ತಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟರು. ನಮ್ಮ ಮನೆಯಲ್ಲಿ ಊಟಕ್ಕೂ ಸೀಟಿ ಊದುತ್ತಿದ್ದರು. ಹಾಗೆ ಬೆಳೆದವಳಿಗೆ ಸರ್ಕಾರಿ ಕಚೇರಿಯಲ್ಲಿ ಎರಡು ಆಶ್ಚರ್ಯಗಳು ಕಾದಿದ್ದವು. ಒಂದು, ಹತ್ತು ಗಂಟೆ ಎಂಬುದು ಗಂಟೆಯಲ್ಲ, ಒಂದು ಅಭಿಪ್ರಾಯ. ಎರಡು, ನಮ್ಮ ಶಾಖೆಯ ಕೆಲಸವೇ ವಿಚಿತ್ರ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು, ಖಾಲಿ ಜಾಗವನ್ನು ಖಾಲಿಯಾಗಿಯೇ ಉಳಿಸಬೇಕು. ಅಂದರೆ ಏನೂ ಮಾಡದೆ ಬಿಡುವುದೇ ಕೆಲಸ. ಏನೂ ಮಾಡದೆ ಬಿಡಲು ಹಣ ಮಂಜೂರು ಮಾಡಿಸುವುದು ಎಷ್ಟು ಕಷ್ಟ ಎಂಬುದನ್ನು ಮಾಡಿ ನೋಡಿದವರೇ ಬಲ್ಲರು.

ಬನಶಂಕರಿಯ ಒಂದು ಪಾರ್ಕಿನಲ್ಲಿ ನಾಲ್ಕು ಕಂಬದ ಪುಟ್ಟ ಕಲ್ಲು ಮಂಟಪವಿತ್ತು. ಬಡಾವಣೆ ಬರುವ ಮುಂಚೆ ಅದು ಹೊಲಗಳ ನಡುವೆ ಇದ್ದದ್ದು. ಅದರ ಸೂರಿನಲ್ಲಿ ಒಂದು ಕಲ್ಲು ಜರುಗಿತ್ತು. ಅದನ್ನು ಎತ್ತಿ ಕೂರಿಸಿದರೆ ಸಾಕಿತ್ತು. ನಾನು "ಕಲ್ಲು ಮಂಟಪದ ಸಂರಕ್ಷಣೆ" ಎಂದು ಬರೆದು ಕಳಿಸಿದೆ. ರಂಗಸ್ವಾಮಿ ಸಂರಕ್ಷಣೆ ಹೊಡೆದು "ಅಭಿವೃದ್ಧಿ" ಎಂದು ಮಾಡಿದರು.

"ಸಂರಕ್ಷಣೆ ಅಂದ್ರೆ ಏನಂತ ಅಳತೆ ಹಾಕೋದು ಮೇಡಂ?" ಎಂದರು. "ಟೈಲ್ಸ್ ಆದ್ರೆ ಚದರ ಅಡಿ ಲೆಕ್ಕ ಬರತ್ತೆ. ಪೇಂಟ್ ಆದ್ರೆ ಲೀಟರ್ ಲೆಕ್ಕ ಬರತ್ತೆ. ಸುಮ್ನೆ ಬಿಡೋದಕ್ಕೆ ಯಾವ ಲೆಕ್ಕ?"

ಅಭಿವೃದ್ಧಿಯಾದ ಮೇಲೆ ಮಂಟಪದ ಕಂಬಗಳು ಚಿನ್ನದ ಬಣ್ಣದಲ್ಲಿ ಹೊಳೆದವು. ನೆಲಕ್ಕೆ ಕಾಲು ಜಾರುವ ನುಣುಪು ಟೈಲ್ಸ್ ಬಂತು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ಮೊದಲು ಕುಳಿತದ್ದು ಕುರ್ಚಿಯ ಮೇಲಲ್ಲ, ಆ ನೆಲದ ಮೇಲೆ. ದಿನವೂ ಅಲ್ಲಿ ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಬಾತ್‌ರೂಮು ತುಂಬಾ ಚೆನ್ನಾಗಿ ಬಂದಿದೆ ಮೇಡಂ. ಬಾಗಿಲು ಯಾವಾಗ ಹಾಕಿಸ್ತೀರಿ?" ಎಂದು ಕೇಳಿದರು. ಜರುಗಿದ ಸೂರುಗಲ್ಲು ಜರುಗಿದಂತೆಯೇ ಇತ್ತು. ಅದಕ್ಕೆ ಅಳತೆ ಇರಲಿಲ್ಲವಲ್ಲ.

ಬಿ.ಟಿ.ಎಂ. ಲೇಔಟಿನ ಪಾರ್ಕಿನ ಕಥೆ ಬೇರೆ. ಅದಕ್ಕೆ ಅಭಿವೃದ್ಧಿಯ ಕಾಟ ಇರಲಿಲ್ಲ, ಬೀಗದ ಕಾಟ. ಅಕ್ಕಪಕ್ಕದ ಮನೆಯವರ ಸಂಘ ಹೇಳಿದಂತೆ ಬೆಳಿಗ್ಗೆ ಮೂರು ಗಂಟೆ ಕಾಲ, ಸಂಜೆ ಮೂರು ಗಂಟೆ ಕಾಲ ಮಾತ್ರ ಗೇಟು ತೆಗೆಯುತ್ತಿದ್ದರು. ಗದಗಿನ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬರು ನಮ್ಮ ಕಚೇರಿಗೆ ಬಂದರು.

"ನೀವು ಗೇಟ್ ತಗಿಯೂ ಹೊತ್ತಿನಾಗ ನಾ ಬಸ್ಸಿನಾಗ ನಿಂತಿರ್ತೇನ್ರಿ ಮೇಡಂ" ಎಂದರು. "ನಾ ಬರೂ ಹೊತ್ತಿಗೆ ಕೀಲಿ. ಗಿಡ ನೋಡಾಕ ರಜಾ ಹಾಕ್ಬೇಕೇನ್ರಿ?"

ಅವರ ದೂರಿನ ಮೇಲೆ ಕ್ರಮ ಕೈಗೊಳ್ಳಲಾಯಿತು. ಗೇಟಿನ ಮೇಲೆ ಹೊಸ ಬೋರ್ಡು ಬಂತು. ಮೊದಲು ಬೀಗ ಮಾತ್ರ ಇತ್ತು, ಆಮೇಲೆ ಬೀಗ ಯಾವಾಗ ಇರುತ್ತದೆ ಎಂಬ ವಿವರವೂ ಇತ್ತು.

ಇಂಥ ಕಚೇರಿಗೆ ಗುಂಡುತೋಪಿನ ಅರ್ಜಿ ಬಂತು.

ಊರಿನ ಹೆಸರು ಬೇಡ. ಸುತ್ತಲೂ ಬಡಾವಣೆಗಳು ಎದ್ದು, ನಡುವೆ ಹಳ್ಳಿ ಸಿಕ್ಕಿಕೊಂಡಿತ್ತು. ಹೊಲಗಳು ಸೈಟುಗಳಾಗಿದ್ದವು. ಮನೆಗಳು ಒಂದಕ್ಕೊಂದು ಅಂಟಿಕೊಂಡು, ಹಿತ್ತಲೂ ಇಲ್ಲ, ಜಗಲಿಯೂ ಇಲ್ಲ. ಉಳಿದಿದ್ದದ್ದು ಆ ತೋಪು ಒಂದೇ. ಮದುವೆಯ ಚಪ್ಪರ ಅಲ್ಲಿ, ತಿಥಿಯ ಊಟ ಅಲ್ಲಿ, ಜಗಳದ ಪಂಚಾಯ್ತಿ ಅಲ್ಲಿ, ಜಗಳ ಮುಗಿದ ಮೇಲೆ ರಾಜಿಯ ಊಟವೂ ಅಲ್ಲೇ. ಅರ್ಜಿ ತಂದವರು ಮುನಿತಾಯಮ್ಮ ಎಂಬ ಹಿರಿಯ ಹೆಂಗಸು. ಊರಿನ ಹೆಂಗಸರಲ್ಲಿ ಅವರ ಮಾತು ನಡೆಯುತ್ತಿತ್ತು. ಗಂಡಸರಲ್ಲಿ ಹೆದರಿಕೆಯಿಂದ ನಡೆಯುತ್ತಿತ್ತು.

"ಜಯರಾಮಣ್ಣ ಅಲ್ಲಿ ಮದುವೆ ಹಾಲು ಕಟ್ಟುಸ್ತಾನಂತೆ" ಎಂದರು ಅವರು, ನಾನು ಕುರ್ಚಿ ತೋರಿಸುವ ಮುಂಚೆಯೇ ಕೂತು. "ಈಗ ಮರದಡಿ ಬಿಟ್ಟಿ ಮದುವೆ ಮಾಡ್ತಾ ಇದೀವಿ. ನಾಳೆ ಅದೇ ಜಾಗದಲ್ಲಿ ಬಾಡಿಗೆ ಕೊಟ್ಟು ಮಾಡ್ಬೇಕು. ಅದೇನವ್ವಾ ನಿಮ್ಮ ಅಭಿವೃದ್ಧಿ? ನಮ್ಮ ನೆರಳು ಕಿತ್ಕೊಂಡು ನಮಗೇ ಫ್ಯಾನ್ ಬಾಡಿಗೆಗೆ ಕೊಡೋದಾ?"

ನನ್ನ ಸರ್ವಿಸಿನಲ್ಲಿ ಅಭಿವೃದ್ಧಿಗೆ ಅಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಲಿಲ್ಲ.

ಜಯರಾಮಣ್ಣನವರ ಫೈಲು ಆಗಲೇ ಚಲಿಸುತ್ತಿತ್ತು. "ಖಾಲಿ ಜಾಗದಲ್ಲಿ ಸಮುದಾಯ ಭವನ ನಿರ್ಮಾಣ" ಎಂಬುದು ಅದರ ತಲೆಬರಹ. ಖಾಲಿ ಜಾಗದಲ್ಲಿ ಇದ್ದ ಮರಗಳ ಬಗ್ಗೆ ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ಅದಕ್ಕೆ ಎದುರಾಗಿ ನಾನು ಇನ್ನೊಂದು ಫೈಲು ತೆರೆದೆ: "ಗುಂಡುತೋಪು ಸಂರಕ್ಷಣೆ. ಸುತ್ತ ತಂತಿ ಬೇಲಿ, ಬೀಗವಿಲ್ಲದ ಗೇಟು, ಒಳಗೆ ಯಾವ ಕಟ್ಟಡವೂ ಕೂಡದು." ನಮ್ಮ ಬಳಿ ಪುರಾತನ ವಸ್ತು ಮತ್ತು ಬಯಲು ಜಾಗಗಳಿಗೆಂದು ಒಂದು ಸಣ್ಣ ನಿಧಿ ಇತ್ತು. ಯಾರೂ ಕೇಳದೆ ವರ್ಷಾವರ್ಷ ಮಾರ್ಚಿನಲ್ಲಿ ಅದು ಸದ್ದಿಲ್ಲದೆ ಲ್ಯಾಪ್ಸ್ ಆಗುತ್ತಿತ್ತು. ಅದರಿಂದ ಕೊಡಬಹುದು ಎಂದು ಬರೆದೆ.

ಫೈಲು ಸಾಹೇಬರ ಬಳಿಗೆ ಹೋಯಿತು. ಸಂಜೆಯೊಳಗೆ ಹಸಿರು ಶಾಯಿಯಲ್ಲಿ, ಕನ್ನಡದಲ್ಲಿ ಬರೆದ ಮಂಜೂರಾತಿಯೊಂದಿಗೆ ಇಳಿದು ಬಂತು: "ಅಪರೂಪದ ಪ್ರಾಚೀನ ಸಂಪತ್ತು. ಗುಂಡುತೋಪನ್ನು ಕೂಡಲೇ ಸಂರಕ್ಷಿಸತಕ್ಕದ್ದು." ನನಗೆ ಕಣ್ಣು ತುಂಬಿ ಬಂತು. ನಮ್ಮವರಿಗೇ ಇಲ್ಲದ ಮರದ ಮೇಲಿನ ಪ್ರೀತಿ ಎಲ್ಲಿಂದಲೋ ಬಂದವರಿಗೆ ಇದೆಯಲ್ಲ ಎಂದುಕೊಂಡೆ.

ಮರುದಿನ ರಂಗಸ್ವಾಮಿ ನನ್ನ ಮೇಜಿನ ಬಳಿ ಬಂದು ಕುಸಿದು ಕೂತರು.

"ಮೇಡಂ, ಸಾಹೇಬ್ರು ಕರೆದು ಕೇಳಿದ್ರು, 'ಅದರ ಬಾಯಿ ಎಷ್ಟು ಅಗಲ?' ಅಂತ. ನಾನು ಮರದ ತೋಪಿನೊಳಗೆ ಹೋಗೋ ದಾರಿ ಅಂದ್ಕೊಂಡು, 'ಒಂದು ಲಾರಿ ಆರಾಮಾಗಿ ಹೋಗತ್ತೆ ಸಾರ್' ಅಂದೆ. ಹೌಹಾರಿಬಿಟ್ರು. 'ಯಾವ ದಿಕ್ಕಿಗೆ ಮುಖ ಮಾಡಿದೆ?' ಅಂದ್ರು. ಪೂರ್ವಕ್ಕೆ ಅಂದೆ. ಆಮೇಲೆ 'ಗುಂಡುಗಳು ಎಷ್ಟು?' ಅಂದ್ರು. ಆಗ ಗೊತ್ತಾಯ್ತು ಮೇಡಂ. ಅವರು ಫಿರಂಗಿ ಅಂದ್ಕೊಂಡಿದಾರೆ!"

"ನೀವೇನು ಹೇಳಿದ್ರಿ?"

"ಎಣಿಸಿ ಹೇಳ್ತೀನಿ ಸಾರ್ ಅಂದೆ."

ನಾನು ಪದ್ಧತಿಯಂತೆ ಒಂದು ಸಾಲಿನ ಟಿಪ್ಪಣಿ ಬರೆದೆ: ಗುಂಡುತೋಪು ಎಂದರೆ ಮರಗಳ ತೋಪು. ರಂಗಸ್ವಾಮಿ ಅದನ್ನು ಫೈಲಿನಿಂದ ಕಿತ್ತು ನನ್ನ ಕೈಗೇ ಕೊಟ್ಟರು.

"ಸಾಹೇಬ್ರಿಗೆ ಕನ್ನಡ ಬರಲ್ಲ ಅಂತ ಬರವಣಿಗೇಲಿ ಕೊಡ್ತೀರಾ? ರಾಜ್ಯೋತ್ಸವದಲ್ಲಿ ಕನ್ನಡದಲ್ಲಿ ಭಾಷಣ ಮಾಡಿ ಶಾಲು ಹೊದಿಸ್ಕೊಂಡಿದಾರೆ. ಆ ಶಾಲು ತಂದಿದ್ದು ನಾನೇ. ಅಲ್ಲದೆ ನಾನು 'ಸ್ಥಳ ಪರಿಶೀಲಿಸಲಾಗಿದೆ, ಸರಿಯಿದೆ' ಅಂತ ಸಹಿ ಹಾಕಿದೀನಿ. ಅಲ್ಲಿಗೆ ಕಾಲಿಟ್ಟಿಲ್ಲ."

ಎರಡು ಸಲ ನಾನೇ ಹೋಗಿ ಹೇಳಲು ನೋಡಿದೆ. ಒಂದು ಸಲ ಸಾಹೇಬರು ಫೋನಿನಲ್ಲಿದ್ದರು. ಇನ್ನೊಂದು ಸಲ ಅವರೇ ಫಿರಂಗಿಗಳ ಬಗ್ಗೆ ನನಗೆ ಪಾಠ ಮಾಡಿ ಕಳಿಸಿದರು. ಮೇಲಿನವರ ಮಾತಿನ ನಡುವೆ ಕೆಳಗಿನವರು ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟರಲ್ಲಿ ಸುದ್ದಿ ಜಯರಾಮಣ್ಣನವರ ಕಿವಿಗೆ ಬಿತ್ತು. ಅವರ ಲೆಕ್ಕ ಸರಳ. ಸಾಹೇಬರನ್ನು ತೋಪಿಗೆ ಕರೆದುಕೊಂಡು ಹೋಗುವುದು. ಫಿರಂಗಿ ಇಲ್ಲ ಎಂದು ಕಂಡ ಕೂಡಲೇ ಸಿಟ್ಟಿಗೆದ್ದ ಸಾಹೇಬರು ಮಂಜೂರಾತಿ ರದ್ದು ಮಾಡುತ್ತಾರೆ. ಭವನದ ಫೈಲು ಕಂಕುಳಲ್ಲೇ ಇರುತ್ತದೆ. ಅಲ್ಲೇ ಸಹಿ. ಆ ಗುರುವಾರ ಅವರು ನಕ್ಕದ್ದು ಇದಕ್ಕೆ.

ಸಾಹೇಬರು, ಜಯರಾಮಣ್ಣ ಮುಂದಿನ ಕಾರಿನಲ್ಲಿ ಹೊರಟರು. ಹಿಂದಿನ ಜೀಪಿನಲ್ಲಿ ನಾನು, ರಂಗಸ್ವಾಮಿ.

"ಇವತ್ತು ಆ ಊರಿನ ತೋಪು ಹೋಯ್ತು" ಎಂದೆ. "ಸಾಹೇಬ್ರಿಗೆ ಹೇಳೋಕೆ ಬಿಟ್ಟಿದ್ರೆ ಇಷ್ಟಾಗ್ತಿರಲಿಲ್ಲ."

"ಟೆನ್ಷನ್ ತಗೋಬೇಡಿ ಮೇಡಂ. ವ್ಯವಸ್ಥೆ ಮಾಡಿದೀನಿ."

"ಏನು ವ್ಯವಸ್ಥೆ?"

"ನೋಡ್ತಾ ಇರಿ. ಸಖತ್ತಾಗಿ ಬಂದಿದೆ."

ರಂಗಸ್ವಾಮಿಯವರ ಕೆಲಸ ಸಖತ್ತಾಗಿ ಬರುವುದು ಎಂದರೇನು ಎಂಬುದನ್ನು ಬನಶಂಕರಿಯಲ್ಲಿ ನೋಡಿದ್ದೆ.

ತೋಪಿನ ದೊಡ್ಡ ಹುಣಸೆಮರದ ಕೆಳಗೆ ಒಂದು ಫಿರಂಗಿ ನಿಂತಿತ್ತು.

ಕಪ್ಪಗೆ ಹೊಳೆಯುತ್ತಿತ್ತು. ಎರಡು ಚಕ್ರ, ಉದ್ದನೆಯ ನಳಿಗೆ, ಬಾಯಿಯ ಸುತ್ತ ತಾವರೆಯ ದಳಗಳು. ನಮ್ಮ ಪಾರ್ಕುಗಳಿಗೆ ಸಿಮೆಂಟಿನ ಜಿಂಕೆ, ಬಾಯಿ ತೆರೆದ ಪೆಂಗ್ವಿನ್ ಕಸದಬುಟ್ಟಿ ಮಾಡಿಕೊಡುತ್ತಿದ್ದ ಕನಕಪುರ ರಸ್ತೆಯ ಮನುಷ್ಯನ ಕೈಕೆಲಸ ಅದೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಅವನ ಜಿಂಕೆಗಳ ಕಾಲಿನಂತೆಯೇ ಫಿರಂಗಿಯ ಚಕ್ರಗಳೂ ಸ್ವಲ್ಪ ಒಳಕ್ಕೆ ಬಾಗಿದ್ದವು. ಪಕ್ಕದಲ್ಲಿ ಮೂರು ಕಲ್ಲಿನ ಗುಂಡುಗಳನ್ನು ಜೋಡಿಸಿಟ್ಟಿದ್ದರು.

ಸಾಹೇಬರು ಶೂ ಬಿಚ್ಚಲು ಬಾಗಿದರು. ರಂಗಸ್ವಾಮಿ ತಡೆದರು. ಜಯರಾಮಣ್ಣನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವರು ಬರಿಯ ನೆಲ ತೋರಿಸಲು ಬಂದಿದ್ದರು.

"ಪಾಳೇಗಾರರ ಕಾಲದ್ದು ಎಂದು ತೋರುತ್ತದೆ" ಎಂದರು ಸಾಹೇಬರು, ದನಿ ತಗ್ಗಿಸಿ.

"ಇರಬಹುದು ಸಾರ್" ಎಂದರು ರಂಗಸ್ವಾಮಿ.

"ಈ ಗುಂಡುಗಳು ಉದ್ದವಾಗಿವೆಯಲ್ಲ. ತಲೆಯಲ್ಲಿ ರಂಧ್ರವೇಕೆ?"

"ಮದ್ದು ತುಂಬೋಕೆ ಸಾರ್."

ಅದು ಹಿಡಿ ಸಿಕ್ಕಿಸುವ ತೂತು. ಅವು ಒರಳಿನಲ್ಲಿ ಅಕ್ಕಿ ರುಬ್ಬುವ ಗುಂಡುಗಳು. ಹಿಂದಿನ ಸಂಜೆ ಯಾರ ಯಾರ ಮನೆಯ ಒರಳಿನಿಂದಲೋ ಎತ್ತಿ ತಂದಿದ್ದರು.

ಜಯರಾಮಣ್ಣ ಅಷ್ಟರಲ್ಲಿ ಸುಧಾರಿಸಿಕೊಂಡಿದ್ದರು. "ಸಾರ್, ದೂರದಿಂದ ನೋಡಿದ್ರೆ ಏನ್ ಚೆಂದ? ಚೆನ್ನಾಗಿ ಮುಟ್ಟಿ ನೋಡಿ ಸಾರ್" ಎಂದರು.

ಸಾಹೇಬರು ಪ್ರೀತಿಯಿಂದ ನಳಿಗೆಯ ಮೇಲೆ ಅಂಗೈ ಇಟ್ಟರು. ಎತ್ತಿದಾಗ ಅಂಗೈ ಕಪ್ಪಾಗಿತ್ತು. ನಳಿಗೆಯ ಮೇಲೆ ಐದು ಬೆರಳುಗಳ ಗುರುತು ಬಿಳಿಯ ಸಿಮೆಂಟಿನಲ್ಲಿ ಮೂಡಿತ್ತು.

ಆಗ ಮುನಿತಾಯಮ್ಮ ಬಂದರು. ಹಿಂದೆ ಇನ್ನಿಬ್ಬರು ಹೆಂಗಸರು. ಯಾರ ಕಡೆಯೂ ನೋಡದೆ ನೇರವಾಗಿ ಗುಂಡುಗಳ ಬಳಿಗೆ ಹೋದರು.

"ಯಾವನವನು ನಮ್ಮನೆ ಗುಂಡು ತಂದು ಇಲ್ಲಿ ಮಡಗಿರೋನು? ಅಕ್ಕಿ ನೆನೆಹಾಕಿ ಕೂತಿವ್ನಿ. ಒರಳೈತೆ, ಗುಂಡಿಲ್ಲ. ಕಳ್ಳರು ಚಿನ್ನ ಕದೀತಾರೆ, ಬೆಳ್ಳಿ ಕದೀತಾರೆ, ರುಬ್ಬೋ ಗುಂಡು ಕದಿಯೋಷ್ಟು ಗತಿ ಕೆಟ್ಟೋರು ಯಾರಪ್ಪಾ?"

ಯಾರೂ ರಂಗಸ್ವಾಮಿಯವರ ಕಡೆ ನೋಡಲಿಲ್ಲ. ರಂಗಸ್ವಾಮಿ ಹುಣಸೆಮರದ ತುದಿ ನೋಡುತ್ತಿದ್ದರು.

"ತಾಯಿ," ಎಂದರು ಸಾಹೇಬರು ಕಷ್ಟಪಟ್ಟು, "ಇವು ಗುಂಡುತೋಪಿನ ಗುಂಡುಗಳಲ್ಲವೇ?"

"ಗುಂಡುತೋಪಿಗೆ ಯಾವ ಗುಂಡು ಸ್ವಾಮಿ? ನೀವು ನಿಂತಿರೋದೇ ಗುಂಡುತೋಪು. ಈ ಮರ, ಆ ಮರ, ಅಗೋ ಅಲ್ಲಿಗಂಟ, ಅಷ್ಟೂ. ನಮ್ಮಜ್ಜಿ ಮದುವೆ ಇಲ್ಲಾಯ್ತು, ನಂದೂ ಇಲ್ಲೇ. ಬರೋ ಭಾನುವಾರ ಮೊಮ್ಮಗಳದ್ದು ಇಲ್ಲೇ ಚಪ್ಪರ. ಈ ಕರೀ ಭೂತ ಅಡ್ಡ ನಿಂತೈತೆ, ಯಾರದ್ದೋ ಎತ್ಕೊಂಡು ಹೋಗಕ್ಕೇಳಿ."

ಸಾಹೇಬರು ತಲೆ ಎತ್ತಿ ಮರಗಳನ್ನು ನೋಡಿದರು. ನಿಧಾನವಾಗಿ ಒಂದು ಸುತ್ತು ತಿರುಗಿದರು. ಪದ ಅವರೊಳಗೆ ಇಳಿಯುತ್ತಿರುವುದು ಕಾಣುತ್ತಿತ್ತು. ಮುಖ ಕೆಂಪಾಯಿತು.

ಜಯರಾಮಣ್ಣ ಇದಕ್ಕೇ ಕಾದಿದ್ದರು. "ಸಾರ್, ಫಿರಂಗಿ ಸುಳ್ಳು ಅಂತ ಆಯ್ತಲ್ಲ. ಮಂಜೂರಾತಿ ಕ್ಯಾನ್ಸಲ್ ಮಾಡಿ. ನನ್ನ ಭವನದ ಫೈಲು ಇಲ್ಲೇ ಇದೆ, ಪೆನ್ನೂ ಇದೆ."

ಎಲ್ಲರೂ ಸಾಹೇಬರನ್ನು ನೋಡಿದರು. ಮುನಿತಾಯಮ್ಮ ಗುಂಡನ್ನು ಸೊಂಟಕ್ಕೆ ಎತ್ತಿಕೊಂಡವರು ಹಾಗೆಯೇ ನಿಂತರು. ನನಗೆ ಅಂಥ ಹೊತ್ತಿನಲ್ಲಿ ತೋಚುವುದು ಒಂದೇ, ಪದ್ಧತಿ.

"ಸಾರ್, ರದ್ದು ಮಾಡೋಕೆ ಕಾರಣ ಬರೀಬೇಕು" ಎಂದೆ.

"ಏನು ಕಾರಣ?"

"'ಗುಂಡುತೋಪು ಎಂಬ ಕನ್ನಡ ಪದವನ್ನು ತಪ್ಪಾಗಿ ಅರ್ಥಮಾಡಿಕೊಂಡ ಪ್ರಯುಕ್ತ' ಅಂತ. ಎಲ್ಲಾ ಆದೇಶಾನೂ ಕನ್ನಡದಲ್ಲೇ ಇರಬೇಕು ಅಂತ ತಾವೇ ಸುತ್ತೋಲೆ ಹೊರಡಿಸಿದೀರಿ. ಪ್ರತಿ ಎಲ್ಲಾ ಶಾಖೆಗೂ ಹೋಗತ್ತೆ ಸಾರ್."

ಜಯರಾಮಣ್ಣ ಚಾಚಿದ್ದ ಪೆನ್ನನ್ನು ಸಾಹೇಬರು ಮುಟ್ಟಲಿಲ್ಲ.

"ರದ್ದು ಮಾಡದೇ ಇದ್ರೆ ಏನೂ ಬರೀಬೇಕಾಗಿಲ್ಲ" ಎಂದೆ. "ತಮ್ಮ ಆದೇಶದಲ್ಲಿ 'ಗುಂಡುತೋಪನ್ನು ಕೂಡಲೇ ಸಂರಕ್ಷಿಸತಕ್ಕದ್ದು' ಅಂತಿದೆ. ಇದು ಗುಂಡುತೋಪು. ಒಂದಕ್ಷರವೂ ತಪ್ಪಿಲ್ಲ ಸಾರ್."

ಅವರು ಕರವಸ್ತ್ರ ತೆಗೆದು ಅಂಗೈ ಒರೆಸಿಕೊಂಡರು. ಮಡಚಿ ಜೇಬಿಗೆ ಹಾಕುವ ಹೊತ್ತಿಗೆ ಮತ್ತೆ ಸಾಹೇಬರಾಗಿದ್ದರು.

"ನಾನು ಬರೆದದ್ದೂ ಈ ವೃಕ್ಷಗಳ ಬಗ್ಗೆಯೇ" ಎಂದರು. "ಫಿರಂಗಿ ಎಂದು ಹೇಳಿದವರು ಯಾರು?"

"ಯಾರೂ ಇಲ್ಲ ಸಾರ್!" ಎಂದರು ರಂಗಸ್ವಾಮಿ, ಮರದ ತುದಿಯಿಂದ ಇಳಿದು ಬಂದು.

"ಜಯರಾಮಣ್ಣನವರೇ, ತಾವು ಮಾತ್ರ ಫಿರಂಗಿ, ಫಿರಂಗಿ ಎನ್ನುತ್ತಿದ್ದೀರಿ. ತಮಗೆ ಗುಂಡುತೋಪು ಎಂದರೆ ತಿಳಿಯದೇ? ತಾವು ಕನ್ನಡಿಗರಲ್ಲವೇ?"

ಮುನಿತಾಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಉಳಿದಿಬ್ಬರು ಹೆಂಗಸರು ಅಷ್ಟೂ ಮಾಡಲಿಲ್ಲ, ಬಾಯಿಬಿಟ್ಟು ನಕ್ಕರು.

ಈ ಕೆಲಸಕ್ಕೆ ಬರುವವರು ಒಂದು ತಿಳಿದಿರಬೇಕು. ಮೇಲಿನವರಿಗೆ ಅವರ ತಪ್ಪನ್ನು ತೋರಿಸಿದರೆ ತಪ್ಪೂ ಉಳಿಯುತ್ತದೆ, ನಿಮಗೆ ವರ್ಗಾವಣೆಯೂ ಆಗುತ್ತದೆ. ಅವರು ಮೊದಲೇ ಸರಿಯಾಗಿದ್ದರು ಎಂದು ತೋರಿಸಿಕೊಟ್ಟರೆ, ಆ ಸರಿಯನ್ನು ಉಳಿಸಿಕೊಳ್ಳಲು ಅವರು ಏನು ಬೇಕಾದರೂ ಮಾಡುತ್ತಾರೆ. ಇದು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಾದವರೂ ಮೇಲಿನವರೇ.

ಫಿರಂಗಿಯನ್ನು ರಂಗಸ್ವಾಮಿ ಸ್ವಂತ ಜೇಬಿನಿಂದ ಮಾಡಿಸಿದ್ದರು. ಮಾಡಿದವನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. "ಪೆಂಗ್ವಿನ್ ಆಗಿದ್ರೆ ತಗೋತಿದ್ದೆ ಸಾರ್. ಇದನ್ನ ಯಾರ್ ಕೇಳ್ತಾರೆ?" ಎಂದನಂತೆ. ಕೊನೆಗೆ ಅದು ಜೆ.ಪಿ. ನಗರದ ಒಂದು ಪಾರ್ಕಿನ ಮೂಲೆ ಸೇರಿತು. ಎರಡು ಸಾವಿರದ ಇಸವಿಯ ಆಚೆ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದು, ಹಳೆಯ ವಸ್ತುಗಳ ವಿವರವನ್ನೆಲ್ಲ ಅದಕ್ಕೆ ತುಂಬಿಸುವಾಗ ಯಾರೋ ಅದನ್ನೂ ಸೇರಿಸಿದರು: "ಪುರಾತನ ಫಿರಂಗಿ, ಒಂದು." ಬೆರಳಿನ ಗುರುತುಗಳಿರುವುದರಿಂದ ತಜ್ಞರಿಂದ ಪರೀಕ್ಷೆ ಮಾಡಿಸಬೇಕೆಂದು ಕೆಳಗೆ ಷರಾ ಕೂಡ ಇತ್ತು. ಮೊದಲು ನಾವು ಒಂದು ಸುಳ್ಳನ್ನು ಬೆರಳಚ್ಚು ಯಂತ್ರದಲ್ಲಿ ಒಂದು ಸಲ ಬರೆಯುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಅದು ಎಲ್ಲ ಮೇಜುಗಳಲ್ಲೂ ಒಟ್ಟಿಗೆ ಕಾಣುವಂತಾಯಿತು.

ಆದರೆ ಗುರುವಾರದ ಕೆಲಸ ಇನ್ನೂ ಮುಗಿದಿರಲಿಲ್ಲ. ಮರದಡಿ ಆಡಿದ ಮಾತು ಮರದಡಿಯೇ ಇರುತ್ತದೆ. ಅದು ಕಾಗದಕ್ಕೆ ಬರದಿದ್ದರೆ, ಸಾಹೇಬರಿಗೆ ಬೆಳಗಾಗುವುದರೊಳಗೆ ವರ್ಗಾವಣೆ ಬಂದರೆ, ಮುಂದೆ ಬರುವವರು ತೋಪನ್ನು ಏನೆಂದು ಓದುತ್ತಾರೋ ಯಾರು ಕಂಡರು? ಊಟಕ್ಕೆ ಕೂರದೆ ನಾನು ಸ್ಪಷ್ಟೀಕರಣದ ಆದೇಶವನ್ನು ಟೈಪ್ ಮಾಡಿಸಿದೆ: ಗುಂಡುತೋಪು ಎಂದರೆ ಊರಿಗೆ ಸೇರಿದ ಮರಗಳ ಜಾಗ, ಕಂದಾಯ ದಾಖಲೆಯಲ್ಲಿ ಖರಾಬು, ಸುತ್ತ ಬೇಲಿ ಹಾಕತಕ್ಕದ್ದು, ಒಳಗೆ ಯಾವ ಕಟ್ಟಡಕ್ಕೂ ಅವಕಾಶವಿಲ್ಲ.

ಸಾಹೇಬರು ಓದಿದರು. ಪೆನ್ನು ತೆರೆದರು. ನಿಲ್ಲಿಸಿದರು.

"ಮೇಡಂ, ಇದಕ್ಕೆ ನಾನು ಸಹಿ ಮಾಡಲಾರೆ."

ಅವರ ಬೆರಳು ಒಂದು ಪದದ ಮೇಲೆ ನಿಂತಿತ್ತು.

"ನಾನು ಕಣ್ಣಾರೆ ಕಂಡೆ. ಸ್ಥಳ ಬಹಳ ಸುಂದರವಾಗಿದೆ. ನೀವು 'ಖರಾಬು' ಎಂದು ಏಕೆ ಬರೆದಿದ್ದೀರಿ? ಅದು ಎಲ್ಲಿ ಕೆಟ್ಟಿದೆ?"

ಈ ಸಲ ಫೋನು ಬರುವ ಮುಂಚೆ, ರಂಗಸ್ವಾಮಿ ಬರುವ ಮುಂಚೆ, ನಾನು ಒಂದೇ ಉಸಿರಿನಲ್ಲಿ ಹೇಳಿದೆ.

"ಕೆಟ್ಟಿಲ್ಲ ಸಾರ್. ಬೇಸಾಯಕ್ಕೆ ಲೆಕ್ಕವಿಲ್ಲ, ಕಂದಾಯ ಬರಲ್ಲ, ಯಾರ ಹೆಸರಲ್ಲೂ ಇಲ್ಲ, ಊರಿನೋರೆಲ್ಲರಿಗೂ ಸೇರಿದ್ದು. ಅಂಥ ಜಾಗಾನ ಸರ್ಕಾರ ಖರಾಬು ಅಂತ ಕರೆಯತ್ತೆ."

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು.

"ಎಲ್ಲರಿಗೂ ಸೇರಿದರೆ ಖರಾಬು?"

"ಹೌದು ಸಾರ್. ಒಬ್ಬರಿಗೆ ಸೇರಿದ್ರೆ ಆಸ್ತಿ."

ಮೊದಲ ಸಲ ಅವರು ಜೋರಾಗಿ ನಕ್ಕದ್ದನ್ನು ಕೇಳಿದೆ. ಸಹಿ ಮಾಡಿದರು. ಶಾಯಿ ಆರುವವರೆಗೆ ನಾನು ಅಲ್ಲೇ ನಿಂತಿದ್ದೆ.

ಒಂದು ಪ್ರತಿ ಕಂದಾಯದವರಿಗೆ, ಒಂದು ಎಂಜಿನಿಯರಿಗೆ, ಒಂದು ಮುನಿತಾಯಮ್ಮನವರ ಹೆಸರಿಗೆ. ಇನ್ನೊಂದು ವಾರ್ಡಿನ ಸದಸ್ಯರಿಗೆ ತಲುಪಿ, ಅವರು ತೆಗೆದುಕೊಂಡದ್ದಕ್ಕೆ ಸಹಿ ಬಿದ್ದರೆ ಮಾತ್ರ ಭವನದ ಫೈಲು ಮುಚ್ಚುತ್ತದೆ. ಆ ಸಹಿಯನ್ನು ಟಪಾಲಿಗೆ ನಂಬಿ ಬಿಡುವಂತಿರಲಿಲ್ಲ. ಸಂಜೆ ನಾನೇ ಆಟೋ ಹಿಡಿದು ಹೋದೆ.

ಜಯರಾಮಣ್ಣ ತಮ್ಮ ಕಚೇರಿಯಲ್ಲಿ ಒಬ್ಬರೇ ಕೂತಿದ್ದರು. ಗೋಡೆಯ ಮೇಲೆ ಭವನದ ಬಣ್ಣದ ನಕ್ಷೆ ಇತ್ತು. ಅದರಲ್ಲಿ ಕಟ್ಟಡದ ಅಕ್ಕಪಕ್ಕ ಮರಗಳನ್ನು ಬಿಡಿಸಿದ್ದರು, ಚೆಂದಕ್ಕೆ.

"ಬನ್ನಿ ಮೇಡಂ, ಕಾಫಿ ತಗೊಳಿ."

"ಸಹಿ ಆಗ್ಲಿ ಸಾರ್."

ಅವರು ಆದೇಶವನ್ನು ಎರಡು ಸಲ ಓದಿದರು. ಸಿಟ್ಟಿರಲಿಲ್ಲ, ದಣಿದಂತಿದ್ದರು.

"ನಿಜ ಹೇಳಿ ಮೇಡಂ, ನಿಮ್ಮ ಮನೆ ಇರೋದು ತ್ಯಾಗರಾಜನಗರದಲ್ಲಿ. ಆ ಊರಿನ ಮರಕ್ಕೆ ಬೇಲಿ ಹಾಕಿಸಿ ನಿಮಗೇನ್ ಸಿಗತ್ತೆ?"

"ನನಗೇನೂ ಸಿಗಲ್ಲ ಸಾರ್. ಅದಕ್ಕೇ ಅದು ಖರಾಬು."

ಅವರು ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದರು. ದಿನಾಂಕ ಬರೆದಿರಲಿಲ್ಲ. ದಿನಾಂಕವಿಲ್ಲದ ಸಹಿಗೆ ಫೈಲು ಮುಚ್ಚುವುದಿಲ್ಲ. ಮರೆತರೋ, ಮರೆತಂತೆ ಮಾಡಿದರೋ, ನನಗೆ ಗೊತ್ತಿಲ್ಲ. ಕಾಗದವನ್ನು ತಿರುಗಿಸಿ ಅವರ ಮುಂದಿಟ್ಟು, ಖಾಲಿ ಬಿಟ್ಟ ಜಾಗವನ್ನು ಬೆರಳಿನಿಂದ ತೋರಿಸಿದೆ. ನಿಂತು ಬರೆಸಿಕೊಂಡು ಬಂದೆ.